ಓಸ್ಮೊನ ಕಣ್ಣು ಎಲ್ಲಿರುತ್ತೆ

ನಮ್ಮ ಕಯಾನಿ ಊರಿನ ಐಸ್ ಹಾಕಿ ಮೈದಾನದ ಪಕ್ಕ ನನ್ನ ಕಾಫಿ ಅಂಗಡಿ. ಓಸ್ಮೊ ರೌತಿಯೊ ದಿನಾ ಬರುತ್ತಾನೆ. ಹದಿನಾರು ವರ್ಷ ಸಂಬಳಕ್ಕೆ ಆಡಿದ ಡಿಫೆಂಡರ್. ಹೊಡೆದದ್ದು ಏಳೇ ಗೋಲು; ಆದರೆ ಅವನನ್ನು ದಾಟಿ ಹೋದವರನ್ನು ಬೆರಳಲ್ಲಿ ಎಣಿಸಬಹುದು. ನನಗೆ ಸಿಟ್ಟು ಬರುತ್ತಿದ್ದದ್ದು ಒಂದಕ್ಕೇ: ಮುಖ ನೋಡಿ ಮಾತಾಡುವುದಿಲ್ಲ. ಕಣ್ಣು ಯಾವಾಗಲೂ ನನ್ನ ಹೊಟ್ಟೆಯ ಮೇಲಿನ ಏಪ್ರನ್ ಗಂಟಿನ ಮೇಲೆ.

ಒಂದು ದಿನ ಕೇಳಿಯೇಬಿಟ್ಟೆ. “ನನ್ನ ಮುಖ ಮೇಲಿದೆ, ಓಸ್ಮೊ. ಅಲ್ಲೇನು ಹುಡುಕ್ತೀಯ?”

ಅವನ ಕಿವಿ ಕೆಂಪಾಯಿತು. “ಅಭ್ಯಾಸ, ಹಿಲ್ಲಾ. ನುಗ್ಗಿ ಬರೋನು ಕಣ್ಣಲ್ಲೂ ಮೋಸ ಮಾಡ್ತಾನೆ, ಕೋಲಲ್ಲೂ ಮೋಸ ಮಾಡ್ತಾನೆ. ಹೊಟ್ಟೆ ಮಾತ್ರ ಅವನು ಹೋಗೋ ಕಡೆಗೇ ಹೋಗುತ್ತೆ. ಅದನ್ನೇ ನೋಡ್ತಾ ಹಿಂದಹಿಂದಕ್ಕೆ ಜಾರೋದು, ಅಷ್ಟೇ ನನ್ನ ಕೆಲಸ ಆಗಿತ್ತು.”

“ನಾನೇನು ನಿನ್ನ ಮೇಲೆ ನುಗ್ತೀನಾ?”

ಅವನು ನಗಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಕಾಫಿಯ ದೊಡ್ಡ ಜಗ್ಗು ತೆಗೆದುಕೊಂಡ, ತನ್ನ ಕುರ್ಚಿ ನನ್ನ ಕಡೆ ತಳ್ಳಿದ.

“ಗಂಟು ಎರಡು ವಾರದಿಂದ ಒಂದು ಬೆರಳು ಮೇಲಕ್ಕೆ ಬಂದಿದೆ. ಕೂತ್ಕೊ. ಭಾರ ಎತ್ತಬೇಡ ಇನ್ನು.”

ಗಂಡನಿಗೂ ನಾನಿನ್ನೂ ಹೇಳಿರಲಿಲ್ಲ.