ಹೆಬ್ಬಾಗಿಲಿಗೆ ಬಿದ್ದ ಬೀಗ

ಬೀಗ ಹಾಕಿದವರು ನನ್ನ ಮಾವ. ಬೇರೆ ಯಾರಾದರೂ ಆಗಿದ್ದರೆ ನಾನು ಇಷ್ಟು ವರ್ಷ ಅದನ್ನೇ ನೆನೆಯುತ್ತಿರಲಿಲ್ಲವೇನೋ.

ನಾನು ಬ್ರಹ್ಮಾವರದ ಕಡೆಯ ಹುಡುಗಿ. ಮದುವೆಯಾಗಿ ಸೇರಿದ್ದು ಗುಲ್ವಾಡಿಯಿಂದ ಸ್ವಲ್ಪ ಮೇಲೆ, ಹೊಳೆಯ ದಡದ ಒಂದು ಊರಿಗೆ. ಗಂಡ ಮುಂಬಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ, ಮಾವ, ನಾನು. ಮಾವ ಊರ ದೇವಸ್ಥಾನದ ಮೊಕ್ತೇಸರರು. ಅವರು ದನಕ್ಕೂ ಗದರಿದ್ದನ್ನು ನಾನು ಕೇಳಿರಲಿಲ್ಲ. ಕುಂದಾಪುರದ ಸಂತೆಗೆ ಹೋದಾಗಲೆಲ್ಲ ನನಗೆಂದು ಸೇವಂತಿಗೆ ತರುತ್ತಿದ್ದರು. ಅತ್ತೆಯದು ಬಿರುಸು ನಾಲಗೆ. ಮಡಿ ಎಂದರೆ ಮಡಿ. ಒಣಹಾಕಿದ ಅವರ ಸೀರೆಗೆ ನನ್ನ ನೆರಳು ತಾಗಿದರೂ ಮತ್ತೆ ಒಗೆಯುತ್ತಿದ್ದರು.

ದೇವಸ್ಥಾನಕ್ಕೆ ಎಲ್ಲ ಜಾತಿಯವರೂ ಹೋಗಬಹುದು, ತಡೆದವರಿಗೆ ಶಿಕ್ಷೆ ಎಂದು ಮದರಾಸಿನ ಸರ್ಕಾರ ಕಾನೂನು ಮಾಡಿದ ಕಾಲ ಅದು. ಕುಂದಾಪುರದಿಂದ ಅಧಿಕಾರಿಯೊಬ್ಬರು ಬಂದು ಕೇರಿಯ ಐದಾರು ಗಂಡಸರನ್ನು ಒಳಗೆ ಕರೆದುಕೊಂಡು ಹೋದರು. ಮಾವನೇ ಮುಂದೆ ನಿಂತು ಸ್ವಾಗತಿಸಿದರು, ಭಟ್ಟರ ಕೈಯಿಂದ ಪ್ರಸಾದ ಕೊಡಿಸಿದರು. ಅತ್ತೆ ಮಾತ್ರ ಆ ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ದೇವರ ಗುಡಿಯೊಳಗೆ ಸರ್ಕಾರಕ್ಕೆ ಎಂತ ಕೆಲಸ ಎಂದು ಸಂಜೆಯವರೆಗೂ ಗೊಣಗಿದರು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಅದಾಗಿ ಕೆಲವು ದಿನಗಳ ಮೇಲೆ, ಒಂದು ಬೆಳಿಗ್ಗೆ, ನಾನೂ ಅತ್ತೆಯೂ ಪೂಜೆಗೆ ಹೋಗಿದ್ದೆವು. ಹೆಬ್ಬಾಗಿಲ ಹೊರಗೆ ನಮ್ಮ ಗದ್ದೆಗೆ ಸಸಿ ನೆಡುವ ನೆಟ್ಟಿಗೆ ಬರುತ್ತಿದ್ದ ಕೇರಿಯ ಹೆಂಗಸು ಮಗಳ ಕೈ ಹಿಡಿದು ನಿಂತಿದ್ದಳು. ಮಗಳಿಗೆ ಆರೇಳು ವರ್ಷ. ಸಿಡುಬು ಬಂದು ಬದುಕಿದ್ದೇ ಹೆಚ್ಚು ಎನ್ನುವಂತಿದ್ದ ಮಗು. ಹರಕೆಯ ತೆಂಗಿನಕಾಯಿ ತಂದಿದ್ದರು. ಅವಳ ಗಂಡ ಇನ್ನೂ ದೂರದಲ್ಲಿ, ಕಟ್ಟೆಯ ಆಚೆ ನಿಂತಿದ್ದ. ಅವನಿಗೆ ಒಳಗೆ ಬರುವ ಧೈರ್ಯವಿರಲಿಲ್ಲ.

"ಅಮ್ಮ, ಒಳ್ಗ್ ಹೋಯ್ಲಕ್ಕಾ?" ಎಂದು ಅವಳು ನನ್ನನ್ನು ಕೇಳಿದಳು.

ಅತ್ತೆ ಮುಖ ತಿರುಗಿಸಿ ಮುಂದೆ ನಡೆದರು. ನಾನು ಹೂಂ ಎಂದು ತಲೆಯಾಡಿಸಿದೆ. ಒಳಗೆ ಮಾವ ಇದ್ದರು, ಊರಿನ ನಾಲ್ಕೈದು ಗಂಡಸರಿದ್ದರು. ಯಾರೂ ಅವಳನ್ನು ತಡೆಯಲಿಲ್ಲ. ಅವಳು ಅಂಗಳದ ಮೂಲೆಯಲ್ಲಿ ನಿಂತು ಕೈ ಮುಗಿದಳು. ಅಷ್ಟರಲ್ಲಿ ಭಟ್ಟರು ಬಂದು, ಪ್ರಸಾದ ಇದೆ, ನೈವೇದ್ಯದ ಕೋಣೆಯ ಕಡೆಯಿಂದ ಬನ್ನಿ ಎಂದು ನಮ್ಮನ್ನೆಲ್ಲ ಕರೆದರು. ನಾವು ಆ ಕೋಣೆ ಹಾದು ಹಿಂಬಾಗಿಲಿಂದ ಹೊರಗೆ ಬಂದದ್ದೇ ತಡ, ಭಟ್ಟರು ಅದನ್ನು ಹಾಕಿ ಹೊರಗಿನಿಂದ ಚಿಲಕ ಸಿಕ್ಕಿಸಿದರು. ಎಂತಕ್ಕೆ ಎಂದು ಕೇಳುವ ಮೊದಲೇ ಎದುರುಗಡೆ ಹೆಬ್ಬಾಗಿಲು ಮುಚ್ಚಿದ ಸದ್ದು ಕೇಳಿತು.

ನಾವು ಸುತ್ತು ಹಾಕಿ ಮುಂದೆ ಬರುವಾಗ ಮಾವ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಾಗಿಲ ಒಳಗಿನಿಂದ ಅವಳ ದನಿ ಬಂತು.

"ಒಡೇರೆ, ಬಾಗ್ಲ್ ಹಾಕಿರ್ಯಾ? ನಾವ್ ಒಳ್ಗ್ ಇತ್ತ್."

"ಗೊತ್ತಿತ್ತ್," ಎಂದರು ಮಾವ.

ಅಷ್ಟೇ. ದನಿ ಏರಿಸಲಿಲ್ಲ. ನಾನು ಅವರ ಮುಖವನ್ನೇ ನೋಡಿದೆ. ದಿನವೂ ಕಾಣುತ್ತಿದ್ದ ಅದೇ ಮುಖ.

ಮನೆಗೆ ಬಂದ ಮೇಲೆ ಅವರು ಅತ್ತೆಗೆ ವಿವರಿಸಿದರು. ಒಳಗೆ ಬರುವವರನ್ನು ತಡೆಯಬಾರದು ಎಂದಲ್ಲವೇ ಕಾನೂನು. ನಾವು ಯಾರನ್ನು ತಡೆದಿದ್ದೇವೆ? ಹೊರಗೆ ಬಿಡಬೇಕೆಂದು ಎಲ್ಲಿ ಹೇಳಿದ್ದಾರೆ? ಸಂಜೆಯ ತನಕ ಅಲ್ಲೇ ಕುಳಿತಿರಲಿ, ಆ ಕೇರಿಯಿಂದ ಮತ್ತೆ ಒಬ್ಬರೂ ಇತ್ತ ತಲೆ ಹಾಕುವುದಿಲ್ಲ. ಹೀಗೆ ಹೇಳಿ ಕೈಕಾಲು ತೊಳೆದು ಊಟಕ್ಕೆ ಕುಳಿತರು. ನಾನು ಬಡಿಸುತ್ತಿದ್ದೆ. ಎರಡನೆಯ ಸಲ ಸಾರು ಕೇಳಿದರು. ಎರಡು ಜೀವಗಳನ್ನು ಕೂಡಿಹಾಕಿ ಬಂದ ಮನುಷ್ಯ ಸಾರಿಗೆ ಉಪ್ಪು ಹದವಾಗಿದೆ ಎನ್ನುತ್ತಿದ್ದರು.

"ಆ ಹೆಣ್ಣಿಗ್ ಕುಡುಕೆ ನೀರ್?" ಎಂದು ಅತ್ತೆ ಕೇಳಿದರು.

ದೇವಸ್ಥಾನದ ಬಾವಿಯ ಹಗ್ಗ, ಕೊಡಪಾನ ಎತ್ತಿಡಿಸಿದ್ದೇನೆ, ಬಾವಿ ಮುಟ್ಟುವ ಭಯವಿಲ್ಲ ಎಂದರು ಮಾವ. ಅತ್ತೆ ಕೇಳಿದ್ದು ಅದಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಅತ್ತೆ ಒಳಗೆ ಹೋಗಿ ಒಂದು ಕೊಡ ನೀರು ತುಂಬಿದರು. ಬಾ ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಬಿಸಿಲಿನಲ್ಲಿ ಇಬ್ಬರೂ ಗದ್ದೆಯ ಅಂಚಿನ ಮೇಲೆ ನಡೆದೆವು. ಹಿಂಬಾಗಿಲಲ್ಲಿ ಕುಳಿತಿದ್ದ ಭಟ್ಟರು ಅತ್ತೆಯ ಮುಖ ಕಂಡದ್ದೇ ಚಿಲಕ ತೆಗೆದರು.

ಒಳಗೆ ಕಂಡದ್ದನ್ನು ಹೇಗೆ ಹೇಳಲಿ? ಕೂಗಿ ಕೂಗಿ ಮಗುವಿನ ಗಂಟಲು ಕಟ್ಟಿಹೋಗಿತ್ತು. ಹೆದರಿಕೆಯಲ್ಲಿ ಉಚ್ಚೆ ಹೊಯ್ದುಕೊಂಡಿತ್ತು. ತಾಯಿ ಮೊಣಕಾಲೂರಿ, ಹರಕೆಗೆಂದು ಉಟ್ಟು ಬಂದ ಹೊಸ ಸೀರೆಯ ಸೆರಗಿನಿಂದ ಆ ಹಾಸುಗಲ್ಲನ್ನು ಒರೆಸುತ್ತಿದ್ದಳು. ನಮ್ಮನ್ನು ಕಂಡು ಗೋಡೆಗೆ ಆತುಕೊಂಡಳು. ತಪ್ಪಾಯಿತು ಅಮ್ಮ, ಮಗುವಿಗೆ ತಿಳಿಯಲಿಲ್ಲ, ದೇವರಿಗೆ ತಪ್ಪುಕಾಣಿಕೆ ಇಡುತ್ತೇನೆ ಎಂದು ಅಳತೊಡಗಿದಳು.

ಅತ್ತೆ ಕೊಡ ಇಳಿಸಿ ಮಗುವಿನ ಬೊಗಸೆಗೆ ನೀರು ಹೊಯ್ದರು. ಎತ್ತರದಿಂದಲೇ ಹೊಯ್ದರು, ಮುಟ್ಟಲಿಲ್ಲ. ಹಿಂಬಾಗಿಲಿಂದ ಹೊರಗೆ ಹೋಗಿ ಎಂದು ನಾನು ಹೇಳಿದರೆ ಅವಳು ಒಪ್ಪಲಿಲ್ಲ. ಅದು ದೇವರ ಅಡುಗೆಕೋಣೆ, ಅಲ್ಲಿ ಕಾಲಿಟ್ಟರೆ ನಮ್ಮನ್ನು ಉಳಿಸುತ್ತಾರೆಯೇ ಎಂದಳು. ಅತ್ತೆ ಅಲ್ಲೇ ಕಂಬದ ಬುಡದಲ್ಲಿ ಕುಳಿತುಬಿಟ್ಟರು. ಕೀಲಿಕೈ ತಂದು ಹೆಬ್ಬಾಗಿಲು ತೆಗೆಯುವವರೆಗೆ ನಾನೂ ಏಳುವುದಿಲ್ಲ ಎಂದು ಮಾವನಿಗೆ ಹೇಳು ಎಂದರು.

ನಾನು ಓಡಿದೆ. ಚಾವಡಿಯಲ್ಲಿ ಮಲಗಿದ್ದ ಮಾವನನ್ನು ಎಬ್ಬಿಸಿ, ಅದುವರೆಗೆ ಎಂದೂ ಮಾಡದಂತೆ, ಅವರ ಎದುರೇ ನಿಂತು ಅಷ್ಟನ್ನೂ ಹೇಳಿದೆ. ಅವರು ಹಿಂಬಾಗಿಲಿಂದ ಒಳಗೆ ಬಂದರು. ಅತ್ತೆಯನ್ನು ಆ ಹೆಂಗಸಿನ ಪಕ್ಕದಲ್ಲಿ ಕಂಡು ಅಲ್ಲೇ ನಿಂತರು.

"ಅವ್ರ್ ಒಳ್ಗ್ ಬಂದದ್ದ್ ನಂಗೂ ಸಮ ಕಾಣ್ಲಿಲ್ಲ," ಎಂದರು ಅತ್ತೆ. "ಆರೆ ದೇವ್ರ್ ಎದ್ರಿಗ್ ಶಿಶುನ ಕೂಡ್ ಹಾಕುಕೆ ನಿಮ್ಗ್ ಹೇಳ್ದರ್ ಯಾರ್? ಬಾಗ್ಲ್ ತೆಗೀನಿ."

ಮಾವ ನಿಂತೇ ಇದ್ದರು. ಅಷ್ಟು ಹೊತ್ತಿಗೆ ಹೊರಗಿನಿಂದ ಯಾರೋ ಹೆಬ್ಬಾಗಿಲು ಗುದ್ದಿದರು. ಬಾಗಿಲು ಮುಚ್ಚಿದ್ದನ್ನು ಕಟ್ಟೆಯ ಹತ್ತಿರದಿಂದ ಕಂಡಿದ್ದ ಆ ಹೆಂಗಸಿನ ಗಂಡ, ದೋಣಿ ಹಿಡಿದು ಕುಂದಾಪುರಕ್ಕೆ ಹೋಗಿ ಪೊಲೀಸ್ ದಫೇದಾರನನ್ನು ಕರೆತಂದಿದ್ದ. ಮಾವ ಹಿಂಬದಿಯಿಂದ ಹೋಗಿ ಬೀಗ ತೆಗೆದರು. ಮನೆಯಲ್ಲಿ ಹೇಳಿದ್ದ ವಾದವನ್ನೇ ದಫೇದಾರನ ಮುಂದೂ ಹೇಳಿದರು.

"ಒಳ್ಗ್ ಹೋಪರ್ನ ತಡುದೂ ತಪ್ಪೇ, ಹೊರ್ಗ್ ಬಪ್ಪರ್ನ ತಡುದೂ ತಪ್ಪೇ," ಎಂದ ದಫೇದಾರ. "ನೀವ್ ಓದ್ದರ್. ನಿಮ್ಗ್ ಇದನ್ ನಾನ್ ಹೇಳ್ಕಾ?"

ತಾಯಿ ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಹಿಂತಿರುಗಿ ನೋಡಲಿಲ್ಲ. ತೆಂಗಿನಕಾಯಿ ಅಂಗಳದಲ್ಲೇ ಉಳಿಯಿತು.

ಅತ್ತೆ ಮನೆಗೆ ಬಂದವರೇ ಕೆರೆಗೆ ಹೋಗಿ ತಲೆಗೆ ಮಿಂದರು. ಅದನ್ನು ಕಂಡು ನನಗೆ ಅಳು ಬಂತು. ಬೆಳಗಿನಿಂದ ಕಂಡದ್ದೇ ಸಾಕಾಗಿತ್ತು. ಇದನ್ನು ಯಾವ ಕಡೆಗೆ ಸೇರಿಸಬೇಕೆಂದು ತಿಳಿಯಲಿಲ್ಲ.

ದೂರು ನಿಲ್ಲಲಿಲ್ಲ. ನಾಲ್ಕು ದಿನದಲ್ಲಿ ಗಂಡಹೆಂಡಿರೇ ಹೋಗಿ ವಾಪಸು ತೆಗೆದುಕೊಂಡರು. ಯಾರೂ ಬೆದರಿಸಲಿಲ್ಲವಂತೆ. ನಿಮ್ಮ ಗದ್ದೆಯಲ್ಲೇ ದುಡಿದು ಉಣ್ಣಬೇಕಲ್ಲ ಅಮ್ಮ ಎಂದು ಅವಳು ನನಗೆ ಹೇಳಿದಳು. ಮುಂದಿನ ನೆಟ್ಟಿಗೂ ಬಂದಳು, ಮಗಳನ್ನು ಕರೆತರಲಿಲ್ಲ. ಬಾಗಿಲು ಮುಚ್ಚಿದರೆ ಮಗು ಕಿರುಚುತ್ತದೆ, ಮಳೆ ಹೊಡೆದರೂ ಬಿದಿರ ತಟ್ಟಿ ತೆರೆದೇ ಮಲಗುತ್ತೇವೆ ಎಂದಳು. ಅಂದು ಮಾವ ಗದ್ದೆಯ ಅಂಚಿನಲ್ಲಿ ನಿಂತಿದ್ದರು. ಮಗಳು ಹೇಗಿದ್ದಾಳೆ ಎಂದು ಅವಳನ್ನು ಕೇಳಿದರು. ನಿಜವಾದ ಅಕ್ಕರೆಯಿಂದಲೇ ಕೇಳಿದರು. ಅವಳು ಬಗ್ಗಿದ್ದವಳು ತಲೆ ಎತ್ತದೆ, ಹುಷಾರಿದ್ದಾಳೆ ಒಡೇರೆ ಎಂದು ಹೇಳಿ, ಮುಂದಿನ ಸಸಿ ಊರಿದಳು.