ಹೆಗಲ ಮೇಲಿದ್ದ ಕೈ

ವೈನಿಯ ಬಲಗೈ ತೋರುಬೆರಳು ತುದಿಯಿಂದ ಎರಡನೆಯ ಗೆಣ್ಣಿನವರೆಗೆ ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿತ್ತು. ಕಂಪ್ಯೂಟರಿನ ಮೌಸಿನ ಮೇಲೆ ಸದಾ ಇರುತ್ತಿದ್ದುದು ಅದೇ ಬೆರಳು. ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದ ನಾನು ಪರದೆಗಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ಆದರೂ ಒಮ್ಮೆಯೂ ಕೈ ಹಿಂದೆಗೆದುಕೊಳ್ಳಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ತೇರದಾಳದವರು. ಮದುವೆಗೆ ಮೊದಲು ಜಮಖಂಡಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದರು. ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಆ ಸದ್ದಿನಲ್ಲಿ ನಾವೆಲ್ಲ ಕೂಗಿಯೇ ಮಾತಾಡುವವರು. ವೈನಿ ಮಾತ್ರ ಹತ್ತಿರ ಬಂದು ಮೆಲ್ಲಗೆ ಹೇಳುತ್ತಿದ್ದರು. ತವರಿನಿಂದ ತಂದ ಹಳೆಯ ಕಂಪ್ಯೂಟರ್ ಹೊರಗಿನ ಕೋಣೆಯಲ್ಲಿತ್ತು. ಊರಿನ ಸ್ಟುಡಿಯೋದವರು ಮದುವೆಯ ಫೋಟೊಗಳನ್ನು ಸಿ.ಡಿ.ಯಲ್ಲಿ ತಂದುಕೊಟ್ಟರೆ, ಅವನ್ನು ಕತ್ತರಿಸಿ, ಒಂದೇ ಹಾಳೆಯಲ್ಲಿ ಹೊಂದಿಸಿ ಕೊಲಾಜ್ ಮಾಡಿಕೊಡುತ್ತಿದ್ದರು.

ನನಗೆ ಫೋಟೊಶಾಪ್ ಕಲಿಸಿದವರು ಅವರೇ. ಲೇಯರ್ ಎಂದರೇನೆಂದು ತಿಳಿಯದೆ ನಾನು ಒದ್ದಾಡುತ್ತಿದ್ದಾಗ, ಸೀರೆಗೆ ಸುತ್ತಿ ಬರುವ ಪ್ಲಾಸ್ಟಿಕ್ ಹಾಳೆ ಮೂರು ತಂದು, ಒಂದೊಂದರ ಮೇಲೆ ಒಂದೊಂದು ಚಿತ್ರ ಬರೆದು, ಒಂದರ ಮೇಲೊಂದು ಇಟ್ಟು ತೋರಿಸಿದರು. ನಾನು ಬೇಗ ಬೇಗ ಕತ್ತರಿಸಿದರೆ ಮೌಸ್ ಕಸಿದುಕೊಳ್ಳುತ್ತಿದ್ದರು.

“ಅವಸರ ಮಾಡಬ್ಯಾಡ ಬೇ. ಮಾರಿ ಯಾರರೆ ಕತ್ತರಸ್ತಾರ. ಕೂದಲದ ಅಂಚಿನ್ಯಾಗ ಕೆಲಸ ಗೊತ್ತಾಗತೈತಿ.”

ಬಿಳಿ ಕಲೆ ಮೂಡಿದ್ದು ಮದುವೆಯಾದ ಎರಡನೆಯ ವರ್ಷ. ಮೊದಲು ಬೆರಳಿಗೆ, ಆಮೇಲೆ ಬಾಯಿಯ ಪಕ್ಕಕ್ಕೆ, ಕಣ್ಣಿನ ರೆಪ್ಪೆಗೆ. ಜಮಖಂಡಿಯ ಡಾಕ್ಟರು ಇದು ಅಂಟುವ ರೋಗವಲ್ಲ ಎಂದರು. “ಡಾಕ್ಟರ್ ನಮ್ಮ ಮನ್ಯಾಗ ಬಂದು ಈಕಿ ಬಡದ ರೊಟ್ಟಿ ತಿಂತಾನೇನು?” ಎಂದಳು ಅವ್ವ. ಅಂದಿನಿಂದ ವೈನಿ ಹಿಟ್ಟು ಮುಟ್ಟುವಂತಿರಲಿಲ್ಲ. ಅವರ ತಾಟು, ತಂಬಿಗೆ ಹಿತ್ತಲ ಕಟ್ಟೆಗೆ ಹೋದವು. ಅಣ್ಣ ಸೆಕೆಯ ನೆಪ ಹೇಳಿ ಹಾಸಿಗೆಯನ್ನು ಮಗ್ಗದ ಕೋಣೆಗೆ ಒಯ್ದ. ಚಳಿಗಾಲ ಬಂದರೂ ವಾಪಸು ತರಲಿಲ್ಲ. ನಾನೇನು ಬೇರೆಯವಳಲ್ಲ. ಅವರು ಕೊಟ್ಟ ಚಹಾದ ಕಪ್ಪಿನ ಅಂಚನ್ನು ಸೆರಗಿನಿಂದ ಒರೆಸಿ ಕುಡಿಯುತ್ತಿದ್ದೆ, ಅವರೆದುರಿಗೇ.

ಅಷ್ಟರಲ್ಲಿ ನನಗೆ ಮಹಾಲಿಂಗಪುರದ ಬೆಲ್ಲದ ವ್ಯಾಪಾರಸ್ಥರ ಮನೆಯಿಂದ ಸಂಬಂಧ ಬಂತು. ಹುಡುಗಿಯದೂ ಮನೆಮಂದಿಯದೂ ಫೋಟೊ ಕಳಿಸಿರಿ ಎಂದರು. ಒಂದೇ ಹಾಳೆಯಲ್ಲಿ ಛಂದಾಗಿ ಮಾಡಿ ಕಳಿಸೋಣ ಎಂದು ವೈನಿಯೇ ಮುಂದಾದರು. ನಡುವೆ ನಾನು, ಒಂದು ಮೂಲೆಗೆ ಮನೆ, ಇನ್ನೊಂದಕ್ಕೆ ಮಗ್ಗ, ಕೆಳಗೆ ಅಗಲವಾಗಿ ಕುಟುಂಬದ ಫೋಟೊ. ಅದರಲ್ಲಿ ಅವ್ವ ಕುರ್ಚಿಯಲ್ಲಿದ್ದಳು. ಹಿಂದೆ ಒಂದು ಪಕ್ಕಕ್ಕೆ ಅಣ್ಣ, ಇನ್ನೊಂದು ಪಕ್ಕಕ್ಕೆ ನಾನು, ನಮ್ಮಿಬ್ಬರ ನಡುವೆ ವೈನಿ. ಅವರ ಕೈ ನನ್ನ ಹೆಗಲ ಮೇಲಿತ್ತು.

ವೈನಿ ಫೋಟೊ ದೊಡ್ಡದು ಮಾಡಿಕೊಂಡು, ತಮ್ಮ ಕೆನ್ನೆಯ ಬಣ್ಣವನ್ನೇ ಎತ್ತಿ ಬಾಯಿಯ ಪಕ್ಕದ ಕಲೆಯ ಮೇಲೆ ಹಚ್ಚುತ್ತ ಬಂದರು. ಆಮೇಲೆ ರೆಪ್ಪೆ, ಆಮೇಲೆ ಬೆರಳು. ಒಂದು ಗುರುತೂ ಉಳಿಯಲಿಲ್ಲ. ನನ್ನ ಕಡೆ ತಿರುಗಿ ನಕ್ಕರು.

“ನೋಡು, ಡಾಕ್ಟರಿಗೆ ವರ್ಷದಾಗ ಆಗಲಿಲ್ಲ. ನಾ ಐದು ನಿಮಿಷದಾಗ ಮಾಡಿದೆ.”

ಅವ್ವ ಬಂದು ನೋಡಿದಳು. ಅಣ್ಣ ಬಾಗಿಲಲ್ಲಿ ನಿಂತಿದ್ದ.

“ಫೋಟೊದಾಗ ಹಚ್ಚಿದಿ. ನಾಳೆ ಅವರು ಮನಿಗೆ ಬಂದಾಗ ಮಾರಿಗೆ ಏನ ಹಚ್ಚಾಕಿ?” ಎಂದಳು ಅವ್ವ. “ನೀ ಅದರಾಗ ಇರೋದ ಬ್ಯಾಡ. ತಗದ ಬಿಡು.”

ವೈನಿ ಅಣ್ಣನನ್ನು ನೋಡಿದರು. ಅವನು ತೋಳಿಗೆ ಅಂಟಿದ್ದ ನೂಲಿನ ಎಳೆಗಳನ್ನು ಕೀಳುತ್ತ ನಿಂತ. ಆಮೇಲೆ ನನ್ನನ್ನು ನೋಡಿದರು.

“ನೀ ಏನಂತಿ?”

“ಅವ್ವ ಅಂದಂಗ ಮಾಡ್ರಿ ವೈನಿ,” ಎಂದೆ. ಆ ಸಂಬಂಧ ತಪ್ಪಿಹೋದರೆ ಎಂಬ ಭಯ ಒಂದೇ ನನ್ನ ತಲೆಯಲ್ಲಿತ್ತು.

ಅವರು ತಮ್ಮ ಸುತ್ತ ಗೆರೆ ಎಳೆಯತೊಡಗಿದರು. ಬೇರೆ ಮದುಮಕ್ಕಳನ್ನು ಎಷ್ಟು ನಿಧಾನವಾಗಿ ಕತ್ತರಿಸುತ್ತಿದ್ದರೋ ಅಷ್ಟೇ ನಿಧಾನವಾಗಿ ತಮ್ಮನ್ನೂ ಕತ್ತರಿಸಿದರು. ಅವರು ಹೋದ ಜಾಗ ತುಂಬಲು ಅಣ್ಣನನ್ನು ನನ್ನ ಹತ್ತಿರಕ್ಕೆ ಸರಿಸಿದರು. ನನ್ನ ಹೆಗಲ ಮೇಲೆ ನಾಲ್ಕು ಬೆರಳು ಉಳಿದವು. ಇನ್ನೊಂದು ಹೆಗಲನ್ನು ನಕಲು ತೆಗೆದು, ತಿರುಗಿಸಿ, ಅದರ ಮೇಲೆ ಕೂರಿಸಿದರು. ಕೊನೆಗೆ ಅವರ ಸೀರೆಯ ಹಸಿರು ಅಂಚು ನೂಲಿನಷ್ಟು ಉಳಿದಿತ್ತು. ಮೌಸನ್ನು ನನ್ನ ಕಡೆ ಸರಿಸಿದರು.

“ಇದನ್ನ ನೀ ಅಳಸು. ಕಲಿಯಾಕ ಬೇಕಲ್ಲ.”

ನಾನು ಅಳಿಸಿದೆ. ಛಲೋ ಆತು ಎಂದರು.

ಮಹಾಲಿಂಗಪುರದವರು ಬರುವ ಹಿಂದಿನ ದಿನ ಅವರನ್ನು ತೇರದಾಳದ ಬಸ್ಸಿಗೆ ಹತ್ತಿಸಲಾಯಿತು. ಎರಡು ದಿನದ ಮಾತು ಎಂದಿದ್ದಳು ಅವ್ವ. ಸಂಬಂಧ ಕೂಡಿತು. ಆಮೇಲೆ, ಮದುವೆ ಮುಗಿಯಲಿ, ಕರೆತರೋಣ ಎಂದರು ನಮ್ಮ ಮನೆಯವರು. ಮದುವೆಗೂ ಕರೆಯಲಿಲ್ಲ. ನಾಗರಪಂಚಮಿ ಆಗಲಿ ಎಂದರು. ನನ್ನ ಬಾಣಂತನ ಆಗಲಿ ಎಂದರು.

ನನ್ನ ಮಗುವಿಗೆ ಆರು ತಿಂಗಳಾದಾಗ, ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಅತ್ತೆ ಕೇಳಿದರು: “ನಿಮ್ಮ ವೈನಿ ಇನ್ನೂ ತವರಾಗ ಅದಾಳೇನವಾ?”

ನಾನು ತಲೆ ಬಗ್ಗಿಸಿ ಅಕ್ಕಿಯಲ್ಲಿ ಕಲ್ಲು ಹುಡುಕಿದೆ.

“ಆಕಿ ಅಪ್ಪ ನಮ್ಮ ಅಂಗಡಿಗೆ ಬೆಲ್ಲ ತರತಿದ್ದ. ಮಗಳಿಗೆ ತೊನ್ನ ಆಗೈತಿ ಅಂತ ಹೇಳಿ ಅತ್ತಿದ್ದ. ನಿನ್ನ ನೋಡಾಕ ಬರೂಕಿಂತ ಮೊದಲ ಗೊತ್ತಿತ್ತು ನಮಗ. ಅದಕ್ಕ ನಾವೇನ ಅಡ್ಡಿ ಮಾಡತಿದ್ದಿಲ್ಲ. ನೀವ ಯಾಕ ಮುಚ್ಚಿಟ್ರಿ? ಅದ ನನಗ ಸೇರಲಿಲ್ಲ.”

ಅಂದೇ ಅಣ್ಣನಿಗೆ ಫೋನ್ ಮಾಡಿದೆ. ವೈನಿಯನ್ನು ಕರೆದುಕೊಂಡು ಬಾ, ಇವರಿಗೆಲ್ಲ ಮೊದಲೇ ಗೊತ್ತಿತ್ತು ಎಂದೆ. ಆ ಕಡೆ ಮಗ್ಗಗಳ ಸದ್ದಿತ್ತು. ಅವನು ಕೂಗಿಯೇ ಹೇಳಿದ: “ಇರಲಿ ಬಿಡು. ಈಗ ಎಲ್ಲಾರಿಗೂ ರೂಢಿ ಆಗೈತಿ.”

ಮರುವಾರ ನಾನೇ ತೇರದಾಳಕ್ಕೆ ಹೋದೆ. ವೈನಿ ಒಂದು ಸಣ್ಣ ಸ್ಟುಡಿಯೋದ ಒಳಕೋಣೆಯಲ್ಲಿ ಕುಳಿತು ಯಾರದೋ ತೊಟ್ಟಿಲ ಕಾರ್ಯದ ಕೊಲಾಜ್ ಮಾಡುತ್ತಿದ್ದರು. ಕಲೆ ಕುತ್ತಿಗೆಯವರೆಗೆ ಇಳಿದಿತ್ತು. ನಾನು ಅಳುತ್ತ ಎಲ್ಲ ಹೇಳಿದೆ. ಅವರು ಮೊದಲು ಕೆಲಸವನ್ನು ಸೇವ್ ಮಾಡಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

“ಹಂಗಾರ ನಿನಗ ಛಲೋ ಮನಿ ಸಿಕ್ಕೈತಿ,” ಎಂದರು.

ಮಗುವನ್ನು ಎತ್ತಿಕೊಳ್ಳಿರಿ ಎಂದು ಮುಂದೆ ಚಾಚಿದೆ. ಅವರು ನನ್ನ ಮುಖ ನೋಡಿದರು. ಎತ್ತಿಕೊಳ್ಳಲಿಲ್ಲ. ಹೊರಡುವಾಗ ಹನ್ನೆರಡು ಸಿ.ಡಿ. ನನ್ನ ಚೀಲಕ್ಕೆ ಹಾಕಿದರು. ಅವರು ವರ್ಷಗಟ್ಟಲೆ ಕೂಡಿಸಿದ ಹಿನ್ನೆಲೆ, ಹೂವು, ಚೌಕಟ್ಟು ಎಲ್ಲ ಅವುಗಳಲ್ಲಿತ್ತು. “ಕೆಲಸ ಬಿಡಬ್ಯಾಡ. ಕೈಯಾಗ ಒಂದು ಕೆಲಸ ಇದ್ರ ಯಾರರೆ ಹೊರಗ ಹಾಕಿದ್ರೂ ಕುಂದರಾಕ ಒಂದು ಕುರ್ಚಿ ಸಿಗತೈತಿ,” ಎಂದರು. ಮಹಾಲಿಂಗಪುರದಲ್ಲಿ ನಾನು ಇಂದು ನಡೆಸುತ್ತಿರುವ ಸ್ಟುಡಿಯೋ ಶುರುವಾದದ್ದು ಆ ಸಿ.ಡಿ.ಗಳಿಂದ.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕನೆಯ ದಿನ ವೈನಿ ತೀರಿಕೊಂಡರು. ಮಣ್ಣು ಮಾಡಲು ಅಣ್ಣ ಬಂದಿದ್ದ. ಓಣಿಯಲ್ಲಿ ಗಂಡಸರ ಜೊತೆ ನಿಂತು, ಕೆಲಸ ಮುಗಿದ ಕೂಡಲೇ ಬೈಕ್ ಹತ್ತಿ ಹೋದ. ಅವ್ವ ಮೊಣಕಾಲು ನೋವೆಂದು ಬರಲೇ ಇಲ್ಲ. ವೈನಿಯ ಅಪ್ಪ ಬಾಗಿಲಿಗೆ ಅಡ್ಡವಾಗಿ ಕುಳಿತಿದ್ದರು. ಒಳಗೆ ಹೋಗಲು ಧೈರ್ಯ ಸಾಲದೆ ನಾನು ಅಂಗಳದಲ್ಲೇ ನಿಂತೆ.

“ಬನಹಟ್ಟಿ ಮನಿ ಮಂದಿ ಯಾರೂ ಈ ಹೊಸ್ತಿಲ ದಾಟಬಾರದಂತ ಮಾಡಿದ್ದೆ,” ಎಂದರು, ನನ್ನ ಮುಖ ನೋಡದೆ. “ಆಕಿ ಕಡೀತನಕ ನಿನ್ನ ಹೆಸರ ಛಲೋನ ಹೇಳಿದ್ಲು. ಯಾಕ ಹಂಗ ಹೇಳಿದ್ಲೋ, ನನಗ ತಿಳೀಲಿಲ್ಲ.”

ಕುಳಿತಲ್ಲೇ ಸ್ವಲ್ಪ ಸರಿದು ದಾರಿ ಬಿಟ್ಟರು.