ಅಕ್ಕ ಹುಡುಕಿದ ಮನೆಗಳು

ಮೊನ್ನೆ ಟ್ರಂಕು ತೆರೆದಾಗ ಕಂಬಳಿಯ ವಾಸನೆ ಬಂತು. ಹಳೆಯ ಉಣ್ಣೆಯ ವಾಸನೆ, ಅದರೊಳಗೆ ಸ್ವಲ್ಪ ನುಸಿಗುಳಿಗೆಯದು. ಕಂಬಳಿ ಅಕ್ಕನದು. ಒಡಹುಟ್ಟಿದ ಅಕ್ಕನಲ್ಲ, ಪಕ್ಕದ ಕುರ್ಚಿಯ ಅಕ್ಕ...

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಹಿರಿಯೂರಿನ ಒಂದು ಖಾಸಗಿ ಕಂಪ್ಯೂಟರ್ ಸೆಂಟರಿನಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಕಂಪ್ಯೂಟರುಗಳಿಗಾಗಿ ಕೋಣೆಯನ್ನು ತಣ್ಣಗಿಡುತ್ತಿದ್ದರು. ಅಕ್ಕ ಕಂಬಳಿ ಹೊದ್ದು ಕೂರುತ್ತಿದ್ದಳು. ಒಂದು ಮಧ್ಯಾಹ್ನ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಂಚಿಕೊಂಡು ಉಂಡೆವು. ತವರಿನವರು ಈ ಸಲ ಬಿ.ದುರ್ಗದ ಕಡೆ ಕುರಿ ಹೊಡೆದುಕೊಂಡು ಹೋಗಿದ್ದಾರೆ ಎಂದಳು. ಅದೇ ನಮ್ಮ ಕೊನೆಯ ಮಾಮೂಲಿ ಊಟ.

ನಮ್ಮ ಮುಂದೆ ಎರಡು ಪಟ್ಟಿಗಳಿದ್ದವು. ಒಂದು ಹಳೆಯ ರೇಷನ್ ಕಾರ್ಡುಗಳದು, ಇನ್ನೊಂದು ಮನೆಮನೆ ಸಮೀಕ್ಷೆಯದು. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ ಮನೆಗಳನ್ನು ಹುಡುಕಿ ಕೊಡಬೇಕಿತ್ತು. ಅವುಗಳ ಕಾರ್ಡು ರದ್ದಾಗುತ್ತಿತ್ತು. ಬೇಗ ಮುಗಿಯಲೆಂದು ಎರಡೂ ಪಟ್ಟಿಗಳನ್ನು ಹೋಬಳಿವಾರು ತುಂಡು ಮಾಡಿ, ಒಂದೊಂದು ಕಂಪ್ಯೂಟರಿಗೆ ಒಂದೊಂದು ಹೋಬಳಿ ಕೊಟ್ಟಿದ್ದರು. ಪಕ್ಕದ ತಾಲ್ಲೂಕುಗಳಾದ ಹೊಸದುರ್ಗ, ಹೊಳಲ್ಕೆರೆಯ ಪಟ್ಟಿಗಳು ಆಯಾ ಊರಿನಲ್ಲೇ ನಡೆಯುತ್ತಿದ್ದವು. ಅಕ್ಕನ ಪಾಲಿಗೆ ಬಂದದ್ದು ಜವನಗೊಂಡನಹಳ್ಳಿ.

ಎಲ್ಲರದೂ ಮುಗಿದರೂ ಅಕ್ಕ ತನ್ನದನ್ನು ಕೊಡಲಿಲ್ಲ. ಜೋಡಿ ಸಿಗದ ಮನೆಗಳನ್ನು ಫ್ಲಾಪಿಗೆ ಹಾಕಿಕೊಂಡು ಬೇರೆಯವರ ಕಂಪ್ಯೂಟರುಗಳ ಮುಂದೆ ಹೋಗಿ ಕೂರತೊಡಗಿದಳು. ನಾವೆಲ್ಲ ಅವಳ ಕೈಯನ್ನೇ ನೋಡುತ್ತಿದ್ದೆವು.

“ಏನಕ್ಕಾ, ಕಂಬಳಿಯಾಗೆ ಏನ್ ಬಚ್ಚಿಡ್ತಿದೀಯ?” ಎಂದ ಮೂಲೆಯವನು.

“ನಿನ್ ಬುದ್ಧಿ ಕಣಪ್ಪ. ಕೆಳಗೆ ಬಿದ್ದಿತ್ತು.”

ಮಾಲೀಕರು ಬಂದು ಹಿಂದೆ ನಿಂತರು. ಪರದೆಯ ಮೇಲಿನ ಮನೆಗಳಲ್ಲಿ ಅಕ್ಕನ ತವರೂ ಇತ್ತು.

“ಓಹೋ, ಇದಾ ಸಮಾಚಾರ! ತವರಿನ ಕಾರ್ಡು ಉಳಿಸ್ಕಳಾಕೆ ಇಷ್ಟೆಲ್ಲ ಆಟ ಏನಮ್ಮಾ?”

“ಅದೊಂದೇ ಅಲ್ಲ ನೋಡ್ರಿ ಸಾರ್. ಇವೆಲ್ಲ ಕುರಿ ಸಾಕೋರ ಮನೆಗಳೇ ಅವೆ. ಸುಗ್ಗಿ ಮುಗುದ್ಮೇಲೆ ಗೊಬ್ಬರಕ್ಕೆ ಹೊಲದಾಗೆ ಮಂದೆ ನಿಲ್ಸಾಕೆ ಬೇರೆ ಸೀಮೆಗೆ ಹೋಗಿರ್ತಾರೆ, ಸಮೀಕ್ಷೆಯೋರು ಅಲ್ಲೇ ಬರ್ಕಂಡಿರ್ತಾರೆ. ನಮ್ ಕುರಿ ಕಾಣ್ದಿದ್ರೆ ಸತ್ತೋಯ್ತು ಅಂತೀವೇನ್ರಿ? ಪಕ್ಕದ ಮಂದೇಲಿ ಹೆಚ್ಚಿಗೆ ಯಾವ್ದೈತೆ ಅಂತ ನೋಡ್ತೀವಿ. ಎಲ್ಲಾ ಕಡೆ ಉಳುದಿದ್ದನ್ನ ಒಂದ್ ಕಡೆ ಕೂಡ್ಸಿ ನೋಡ್ರಿ, ಸಿಕ್ತಾರೆ.”

ಮಾಲೀಕರು ನಂಬಲಿಲ್ಲ. ನಾಳೆಯಿಂದ ಬರಬೇಡ ಎಂದರು. ಅಕ್ಕ ಚಪ್ಪಲಿ ಮೆಟ್ಟಿ ಹೊರಟಳು. ಕಂಬಳಿ ಕುರ್ಚಿಯ ಮೇಲೆಯೇ ಉಳಿಯಿತು.

ಕೆಲವು ದಿನಗಳ ಮೇಲೆ ಹೊಸದುರ್ಗದ ಫ್ಲಾಪಿ ಬಂತು. ಅಕ್ಕನ ಸುಳ್ಳು ತೋರಿಸುತ್ತೇನೆಂದೇ ಮಾಲೀಕರು ಅದನ್ನು ಅವಳ ಫ್ಲಾಪಿಯ ಜೊತೆ ಕೂಡಿಸಿದರು. ಅಲ್ಲಿನ ಮತ್ತೋಡು ಹೋಬಳಿಯಲ್ಲಿ, ಹಳೆಯ ಪಟ್ಟಿಯಲ್ಲಿಲ್ಲದೆ ಹೆಚ್ಚಿಗೆ ಉಳಿದ ಮನೆಗಳ ನಡುವೆ ನಮ್ಮ ಕಡೆಯವರು ಒಬ್ಬೊಬ್ಬರಾಗಿ ಸಿಗತೊಡಗಿದರು. ಹೆಚ್ಚುಕಡಿಮೆ ಎಲ್ಲರೂ. ಅಕ್ಕನ ತವರು ಮಾತ್ರ ಸಿಗಲಿಲ್ಲ.

“ನೋಡಿದ್ರಾ?” ಎಂದರು ಮಾಲೀಕರು, ಗೆದ್ದವರ ಹಾಗೆ.

ಅಕ್ಕನ ತವರಿನವರು ಬಿ.ದುರ್ಗದ ಕಡೆ ಹೋಗಿದ್ದರಂತೆ, ಅದು ಹೊಳಲ್ಕೆರೆಗೆ ಸೇರುತ್ತದೆ ಎಂದೆ. ಮಾಲೀಕರು ನನ್ನನ್ನೂ ಒಂದು ಥರ ನೋಡಿದರು. “ಅವ್ರ ಫ್ಲಾಪಿ ಬಂದಾಗ ನೋಡಾಣ ಬಿಡಮ್ಮ.”

ಸಿಕ್ಕ ಮನೆಗಳ ಕಾರ್ಡು ಉಳಿಯಿತು. ಅಕ್ಕನ ತವರಿನದು ರದ್ದಾಯಿತು. ಅಕ್ಕ ಕಂಬಳಿ ಕೇಳಿಕೊಂಡು ಬರಲಿಲ್ಲ. ಮುಂದೆ ಸೆಂಟರೂ ಮುಚ್ಚಿತು, ಕಂಬಳಿಯನ್ನು ನಾನೇ ಮನೆಗೆ ತಂದೆ...

ಹೋದ ತಿಂಗಳು ಅವಳ ಊರಿನ ಅಜ್ಜಿಯೊಬ್ಬಳು ಬಸ್ಸಿನಲ್ಲಿ ಸಿಕ್ಕು, ಅಕ್ಕ ತೀರಿಕೊಂಡಳು ಎಂದಳು. ಆಮೇಲೆ ದನಿ ತಗ್ಗಿಸಿ, “ತವರಿಗೋಸ್ಕರ ಏನೋ ಕಳ್ಳಲೆಕ್ಕ ಮಾಡಿದ್ಲಂತಲ್ಲ, ಹೌದೇನವ್ವ?” ಎಂದು ಕೇಳಿದಳು. ಇಲ್ಲ ಎಂದೆ. ಅಜ್ಜಿ ನಂಬಿದ ಹಾಗೆ ಕಾಣಲಿಲ್ಲ.

ಕಂಬಳಿಯನ್ನು ಕೊಡವಿ ಬಿಸಿಲಿಗೆ ಹಾಕಿದ್ದೇನೆ. ಹೊಳಲ್ಕೆರೆಯ ಫ್ಲಾಪಿ ಬರಲೇ ಇಲ್ಲ.